ಹೆಂಡ್ರಿಕ್ಸ್ ಬಿಟ್ಟುಹೋದ ಟೇಪುಗಳು

ಅಮೆರಿಕದ ರಾಕ್ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಬದುಕಿದ್ದಾಗ ಸ್ಟುಡಿಯೋದಲ್ಲಿ ಮಾಡಿ ಮುಗಿಸಿ, ಇದು ನನ್ನದು ಎಂದು ಒಪ್ಪಿ ಹೊರಗೆ ಬಿಟ್ಟ ಆಲ್ಬಮ್‌ಗಳು ಮೂರೇ ಮೂರು. 1967ರಲ್ಲಿ ‘ಆರ್ ಯೂ ಎಕ್ಸ್‌ಪೀರಿಯೆನ್ಸ್ಡ್’, ಅದೇ ವರ್ಷದ ಕೊನೆಗೆ ‘ಆಕ್ಸಿಸ್: ಬೋಲ್ಡ್ ಆ್ಯಸ್ ಲವ್’, 1968ರಲ್ಲಿ ‘ಎಲೆಕ್ಟ್ರಿಕ್ ಲೇಡಿಲ್ಯಾಂಡ್’. 1970ರಲ್ಲಿ ಬಂದ ‘ಬ್ಯಾಂಡ್ ಆಫ್ ಜಿಪ್ಸಿಸ್’ ಕಛೇರಿಯ ಧ್ವನಿಮುದ್ರಣ. ಅದನ್ನೂ ಅವನು ಕೊಟ್ಟದ್ದು ಹಳೆಯ ಕರಾರೊಂದರ ಋಣ ಹರಿಯಲೆಂದು: ಹೆಸರಿಲ್ಲದ ದಿನಗಳಲ್ಲಿ, 1965ರಲ್ಲಿ, ಒಂದು ಡಾಲರ್ ಮುಂಗಡಕ್ಕೂ ಶೇಕಡಾ ಒಂದರ ರಾಯಧನಕ್ಕೂ ನ್ಯೂಯಾರ್ಕಿನ ನಿರ್ಮಾಪಕನೊಬ್ಬನಿಗೆ ಸಹಿ ಹಾಕಿಕೊಟ್ಟಿದ್ದ. ಸತ್ತ ಮೇಲೆ ಅವನ ಹೆಸರಿನಲ್ಲಿ ಬಂದ ಸ್ಟುಡಿಯೋ ಆಲ್ಬಮ್‌ಗಳು ಮಾತ್ರ ಡಜನ್‌ಗೂ ಹೆಚ್ಚು. ಕಛೇರಿಗಳ ರೆಕಾರ್ಡು, ಸಂಕಲನ, ಪೆಟ್ಟಿಗೆ ಸೆಟ್ಟುಗಳನ್ನು ಸೇರಿಸಿದರೆ ಅಭಿಮಾನಿಗಳಿಗೇ ಲೆಕ್ಕ ತಪ್ಪುತ್ತದೆ.

ಇಷ್ಟೆಲ್ಲ ಎಲ್ಲಿಂದ ಬಂತು? ಯಾರದೋ ಅಟ್ಟದ ಮೇಲಿನ ಟ್ರಂಕಿನಲ್ಲಿ ಸಿಕ್ಕಿರಬೇಕು ಎಂದುಕೊಳ್ಳುವುದು ಸಹಜ. ರೆಕಾರ್ಡ್ ಕಂಪನಿಗಳ ಜಾಹೀರಾತೂ ಆ ಕಲ್ಪನೆಗೆ ನೀರೆರೆಯುತ್ತದೆ; ಪ್ರತಿ ಸಲವೂ ‘ಇದುವರೆಗೆ ಕೇಳದ’, ‘ಈಗಷ್ಟೇ ದೊರೆತ’ ಎಂಬ ಚೀಟಿ. ನಿಜ ಹೇಳಬೇಕೆಂದರೆ ಟೇಪುಗಳಲ್ಲಿ ಹೆಚ್ಚಿನವು ಕಳೆದೇ ಹೋಗಿರಲಿಲ್ಲ. ಅವು ಸ್ಟುಡಿಯೋ ಮತ್ತು ಗೋದಾಮುಗಳ ಕಪಾಟಿನಲ್ಲಿ, ಮೇಲೆ ಚೀಟಿ ಅಂಟಿಸಿಕೊಂಡು, ಎಲ್ಲರಿಗೂ ಗೊತ್ತಿದ್ದೇ ಕೂತಿದ್ದವು. ಹುಡುಕಬೇಕಾಗಿದ್ದದ್ದು ಬೇರೆ. ಆ ಟೇಪುಗಳಲ್ಲಿ ಹೆಂಡ್ರಿಕ್ಸ್‌ನದು ಯಾವುದು, ಅವನು ಹೋದ ಮೇಲೆ ಸೇರಿಕೊಂಡದ್ದು ಯಾವುದು ಎಂಬುದು ಪತ್ತೆಯಾಗಲು ಇಪ್ಪತ್ತೈದು ವರ್ಷ, ಒಂದು ದೊಡ್ಡ ಮೊಕದ್ದಮೆ ಮತ್ತು ಕೆಲವರ ಹಟ ಬೇಕಾಯಿತು.

ಮೊದಲು ಅಷ್ಟು ಟೇಪು ಹುಟ್ಟಿದ್ದು ಹೇಗೆಂದು ನೋಡಬೇಕು. ಹೆಂಡ್ರಿಕ್ಸ್‌ನನ್ನು 1966ರಲ್ಲಿ ನ್ಯೂಯಾರ್ಕಿನಿಂದ ಲಂಡನ್ನಿಗೆ ಕರೆತಂದವನು ಚಾಸ್ ಚಾಂಡ್ಲರ್, ‘ಆ್ಯನಿಮಲ್ಸ್’ ತಂಡದ ಬೇಸ್ ವಾದಕ. ನಿರ್ಮಾಪಕನಾಗಿ ಚಾಂಡ್ಲರ್ ಬಿಗಿ ಕೈಯವನು. ಸ್ಟುಡಿಯೋ ಬಾಡಿಗೆಯ ಗಡಿಯಾರದ ಮೇಲೆ ಒಂದು ಕಣ್ಣಿಟ್ಟೇ ಕೆಲಸ ಮಾಡಿಸುತ್ತಿದ್ದ. ಮೊದಲ ಎರಡು ಆಲ್ಬಮ್ ಹಾಗೆ ಬೇಗ ಮುಗಿದವು. ಮೂರನೆಯದರ ಹೊತ್ತಿಗೆ ಹೆಂಡ್ರಿಕ್ಸ್‌ಗೆ ಸ್ಟುಡಿಯೋವೇ ಮನೆಯಾಗಿತ್ತು. ‘ಜಿಪ್ಸಿ ಐಸ್’ ಹಾಡಿಗೆ ಹತ್ತಾರು ಟೇಕ್ ಆದರೂ ತೃಪ್ತಿಯಿಲ್ಲ. ಕ್ಲಬ್ಬಿನಿಂದ ಸ್ನೇಹಿತರ ಹಿಂಡೇ ಹಿಂದೆ ಬಂದು ಕೋಣೆ ತುಂಬುತ್ತಿತ್ತು. 1968ರಲ್ಲಿ ಚಾಂಡ್ಲರ್ ಬೇಸತ್ತು ಹೊರನಡೆದ. ಅಲ್ಲಿಂದ ಮುಂದೆ ಸಾಕು ಎನ್ನುವವರು ಯಾರೂ ಇರಲಿಲ್ಲ. 1968ರಿಂದ 1970ರವರೆಗೆ ಹೆಂಡ್ರಿಕ್ಸ್ ನ್ಯೂಯಾರ್ಕಿನ ಒಂದಲ್ಲ ಒಂದು ಸ್ಟುಡಿಯೋದಲ್ಲಿ ರಾತ್ರಿಯಿಡೀ ನುಡಿಸುತ್ತಿದ್ದ, ಟೇಪು ಓಡುತ್ತಲೇ ಇರುತ್ತಿತ್ತು. ಅದರಲ್ಲಿ ಹಾಡುಗಳಿವೆ, ಹಾಡಿನ ಮೊಳಕೆಗಳಿವೆ, ಸುಮ್ಮನೆ ತಾಲೀಮು ಇದೆ, ಎಲ್ಲೂ ತಲುಪದ ಅಲೆದಾಟವೂ ಬೇಕಾದಷ್ಟಿದೆ. ಎಲ್ಲವನ್ನೂ ರತ್ನವೆಂದು ಮಾರಿದವರ ಮಾತನ್ನು ಪೂರ್ತಿ ನಂಬಬೇಕಾಗಿಲ್ಲ.

ಬಾಡಿಗೆಯ ಬಿಲ್ಲು ವಿಪರೀತವಾದಾಗ ಸ್ವಂತ ಸ್ಟುಡಿಯೋ ಕಟ್ಟುವ ಯೋಚನೆ ಬಂತು. ಗ್ರೀನಿಚ್ ವಿಲೇಜಿನ ವೆಸ್ಟ್ 8ನೇ ಬೀದಿಯಲ್ಲಿ ಹೆಂಡ್ರಿಕ್ಸ್ ಮತ್ತು ಅವನ ಮ್ಯಾನೇಜರ್ ಮೈಕೆಲ್ ಜೆಫ್ರಿ ಸೇರಿ ಒಂದು ನೆಲಮಾಳಿಗೆಯ ಕ್ಲಬ್ ಕೊಂಡಿದ್ದರು. ಅದನ್ನು ಕ್ಲಬ್ಬಾಗಿಯೇ ನಡೆಸುವುದು ಮೂಲ ಇರಾದೆ. ಸ್ಟುಡಿಯೋ ಮಾಡೋಣ ಎಂದು ಮನವೊಲಿಸಿದವನು ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿ ಲಂಡನ್ನಿನಲ್ಲಿ ಪಳಗಿದ ಧ್ವನಿ ಎಂಜಿನಿಯರ್ ಎಡ್ಡಿ ಕ್ರೇಮರ್. ಆಗಿನ್ನೂ ಇಪ್ಪತ್ತರ ಹರೆಯದ ಜಾನ್ ಸ್ಟೋರಿಕ್ ವಿನ್ಯಾಸ ಮಾಡಿದ: ಬಾಗಿದ ಗೋಡೆಗಳು, ಬಣ್ಣ ಬದಲಿಸುವ ದೀಪಗಳು. ಕೆಳಗೆ ಅಗೆದರೆ ನೀರು! ಮಿನೆಟ್ಟಾ ಎಂಬ ಹಳೆಯ ತೊರೆ ಆ ಪ್ರದೇಶದ ನೆಲದಡಿ ಇನ್ನೂ ಹರಿಯುತ್ತಿತ್ತು. ಪಂಪು ಕೂರಿಸಿ ನೀರೆತ್ತಿ, ಮತ್ತೆ ಮತ್ತೆ ಕೆಲಸ ನಿಂತು, ಖರ್ಚು ಹತ್ತು ಲಕ್ಷ ಡಾಲರಿನ ಹತ್ತಿರ ಹೋಯಿತು. ‘ಎಲೆಕ್ಟ್ರಿಕ್ ಲೇಡಿ’ ಎಂದು ಅದರ ಹೆಸರು. ಇವತ್ತಿಗೂ ಅದೇ ಜಾಗದಲ್ಲಿ ನಡೆಯುತ್ತಿದೆ.

1970ರ ಬೇಸಗೆಯಲ್ಲಿ, ಕಟ್ಟಡದ ಕೆಲಸ ಪೂರ್ತಿ ಮುಗಿಯುವ ಮೊದಲೇ, ಹೆಂಡ್ರಿಕ್ಸ್ ಅಲ್ಲಿ ಧ್ವನಿಮುದ್ರಣ ಶುರುಮಾಡಿದ. ಡ್ರಮ್ಸಿಗೆ ಮಿಚ್ ಮಿಚೆಲ್, ಬೇಸಿಗೆ ಸೈನ್ಯದ ದಿನಗಳ ಗೆಳೆಯ ಬಿಲ್ಲಿ ಕಾಕ್ಸ್. ಬಹಳ ದಿನಗಳ ಮೇಲೆ ಅವನ ಕೆಲಸಕ್ಕೊಂದು ದಿಕ್ಕು ಸಿಕ್ಕಂತಿತ್ತು. ‘ಫ್ರೀಡಮ್’, ‘ಡಾಲಿ ಡ್ಯಾಗರ್’, ‘ಡ್ರಿಫ್ಟಿಂಗ್’, ‘ಏಂಜೆಲ್’ ಒಂದೊಂದಾಗಿ ರೂಪ ತಳೆದವು. ಎರಡು ಎಲ್‌ಪಿಗಳ ಆಲ್ಬಮ್ ಮಾಡಬೇಕೆಂದಿದ್ದ. ‘ಫಸ್ಟ್ ರೇಸ್ ಆಫ್ ದ ನ್ಯೂ ರೈಸಿಂಗ್ ಸನ್’ ಎಂಬ ಹೆಸರೂ ಮನಸ್ಸಿನಲ್ಲಿತ್ತು. ಅವನೇ ಕೈಯಾರೆ ಬರೆದ ಹಾಡುಗಳ ಪಟ್ಟಿಗಳು ಉಳಿದಿವೆ. ಒಂದರ ತಲೆಬರಹದಲ್ಲಿ ‘ಸ್ಟ್ರೇಟ್ ಅಹೆಡ್’ ಎಂಬ ಮಾತನ್ನು ಕಾಗುಣಿತ ತಪ್ಪಾಗಿ ಬರೆದಿದ್ದಾನೆ. ಇನ್ನೊಂದರಲ್ಲಿ ಹಾಡುಗಳನ್ನು ಎಲ್‌ಪಿಯ ಬದಿಗಳಿಗೆ ಹಂಚುತ್ತ ಮೂರು ಬದಿಯವರೆಗೆ ಬಂದಿದ್ದಾನೆ. ಈ ಚೀಟಿಗಳಿಗೆ ಆಗ ಯಾರೂ ಹೆಚ್ಚು ಬೆಲೆ ಕೊಟ್ಟಿರಲಾರರು. ಆಮೇಲೆ ಅವೇ ಮುಖ್ಯ ಸಾಕ್ಷಿಯಾದವು.

ಆಗಸ್ಟ್ 22ರಂದು ಒಬ್ಬನೇ ಕೂತು ‘ಬೆಲ್ಲಿ ಬಟನ್ ವಿಂಡೋ’ ಹಾಡಿದ. ಗರ್ಭದೊಳಗಿನ ಮಗು ಹೊರಗಿನ ಜಗತ್ತನ್ನು ಇಣುಕಿ ನೋಡಿ, ಬರಲೋ ಬೇಡವೋ ಎಂದು ಯೋಚಿಸುವ ಹಾಡು ಅದು. ಆಗಸ್ಟ್ 26ಕ್ಕೆ ಸ್ಟುಡಿಯೋದ ಉದ್ಘಾಟನೆ, ಪಾರ್ಟಿ. ಅಲ್ಲಿಂದ ನೇರ ಇಂಗ್ಲೆಂಡಿಗೆ, ಐಲ್ ಆಫ್ ವೈಟ್ ಉತ್ಸವಕ್ಕೆ. ಸೆಪ್ಟೆಂಬರ್ 6ರಂದು ಜರ್ಮನಿಯ ಫೆಮಾರ್ನ್ ದ್ವೀಪದಲ್ಲಿ ಕೊನೆಯ ಕಛೇರಿ, ಸೆಪ್ಟೆಂಬರ್ 18ರಂದು ಲಂಡನ್ನಿನಲ್ಲಿ ಸಾವು. ವಯಸ್ಸು 27. ಉಯಿಲು ಬರೆದಿರಲಿಲ್ಲ.

ಉದ್ಘಾಟನೆಯಾಗಿ ತಿಂಗಳೂ ತುಂಬದ ಸ್ಟುಡಿಯೋಗೆ ಕ್ರೇಮರ್ ಮತ್ತು ಮಿಚೆಲ್ ಮರಳಿ ಹೋಗಿ ಕೂತರು. ಮುಂದೆ ಇದ್ದ ಕೆಲಸ ಮಿಕ್ಸಿಂಗ್. ಎರಡಂಗುಲ ಅಗಲದ ಟೇಪಿನ ಮೇಲೆ 16 ಗೆರೆಗಳು. ಒಂದರಲ್ಲಿ ಹಾಡು, ಇನ್ನೊಂದರಲ್ಲಿ ಬೇಸ್, ಕೆಲವದರಲ್ಲಿ ಡ್ರಮ್ಸ್, ಉಳಿದವುಗಳಲ್ಲಿ ಒಂದರ ಮೇಲೊಂದು ಪೇರಿಸಿದ ಗಿಟಾರುಗಳು. ಯಾವುದು ಎಷ್ಟು ಮುಂದೆ ಬರಬೇಕು, ಯಾವುದು ಎಡಕ್ಕೆ, ಯಾವುದು ಬಲಕ್ಕೆ, ಎಲ್ಲಿ ಮರೆಯಾಗಬೇಕು ಎಂದು ತೀರ್ಮಾನಿಸಿ ಎರಡು ಗೆರೆಗೆ ಇಳಿಸುವುದೇ ಮಿಕ್ಸಿಂಗ್. ಹೆಂಡ್ರಿಕ್ಸ್‌ಗೆ ಇದೂ ಗಿಟಾರ್ ನುಡಿಸಿದಷ್ಟೇ ಮುಖ್ಯವಾದ ಕಲೆ. ಕ್ರೇಮರ್ ಜೊತೆ ಕೂತು ನಾಲ್ಕು ಕೈಗಳಲ್ಲಿ ಗುಂಡಿಗಳನ್ನು ಆಡಿಸುತ್ತಿದ್ದ. 1967ರಲ್ಲಿ ‘ಆಕ್ಸಿಸ್’ ಆಲ್ಬಮ್ಮಿನ ಮೊದಲ ಬದಿಯ ಮಾಸ್ಟರ್ ಟೇಪನ್ನು ಅವನು ಲಂಡನ್ನಿನ ಟ್ಯಾಕ್ಸಿಯಲ್ಲಿ ಮರೆತು ಬಂದದ್ದುಂಟು. ಬಿಡುಗಡೆ ಹತ್ತಿರ ಬಂದಿತ್ತು. ಅವನು, ಚಾಂಡ್ಲರ್, ಕ್ರೇಮರ್ ಕೂತು ರಾತ್ರೋರಾತ್ರಿ ಆ ಬದಿಯನ್ನು ಮತ್ತೆ ಮಿಕ್ಸ್ ಮಾಡಿದರು. ‘ಇಫ್ ಸಿಕ್ಸ್ ವಾಸ್ ನೈನ್’ ಹಾಡೊಂದು ಮಾತ್ರ ಮೊದಲಿನ ಹಾಗೆ ಬರಲೇ ಇಲ್ಲ. ಬೇಸ್ ವಾದಕ ನೋಯಲ್ ರೆಡ್ಡಿಂಗ್ ಬಳಿ ಆ ಮಿಕ್ಸಿನ ಒಂದು ಪ್ರತಿಯಿತ್ತು, ಆದರೆ ಟೇಪು ಮುದುರಿಹೋಗಿತ್ತು. ಅದನ್ನು ಇಸ್ತ್ರಿ ಮಾಡಿ ಬಳಸಿದರು! ಕೋಣೆಯಲ್ಲಿ ಅದೇ ಜನ, ಅದೇ ಟೇಪು ಇದ್ದೂ ಒಂದು ಹಾಡು ಎರಡನೆಯ ಸಲ ಕೈಗೆ ಹತ್ತಲಿಲ್ಲ. ಇನ್ನು ಮುಖ್ಯನಾದವನೇ ಇಲ್ಲದಾಗ?

ಆ ಮಟ್ಟಿಗೆ ನೋಡಿದರೆ ಇಬ್ಬರೂ ಮಾಡಿದ್ದು ನಿಯತ್ತಿನ ಕೆಲಸ. ಮಿಚೆಲ್ ‘ಏಂಜೆಲ್’ ಹಾಡಿಗೆ ಡ್ರಮ್ಸನ್ನು ಹೊಸದಾಗಿ ನುಡಿಸಿದ. ‘ಡ್ರಿಫ್ಟಿಂಗ್’ಗೆ ಬಜ್ಜಿ ಲಿನ್‌ಹಾರ್ಟ್ ವೈಬ್ರಾಫೋನ್ ಸೇರಿಸಿದ. ಉಳಿದದ್ದನ್ನು ಹೆಂಡ್ರಿಕ್ಸ್ ಬಿಟ್ಟಲ್ಲಿಂದ ಎತ್ತಿಕೊಂಡು ದಡ ಸೇರಿಸಿದರು. 1971ರ ಮಾರ್ಚ್‌ನಲ್ಲಿ ‘ದ ಕ್ರೈ ಆಫ್ ಲವ್’ ಬಂತು, ಅಮೆರಿಕದ ಪಟ್ಟಿಯಲ್ಲಿ ಮೂರನೆಯ ಸ್ಥಾನಕ್ಕೇರಿತು. ಆದರೆ ಅದು ಒಂದೇ ಎಲ್‌ಪಿ. ಹೆಂಡ್ರಿಕ್ಸ್ ಬಯಸಿದ್ದ ಜೋಡಿ ಆಲ್ಬಮ್ಮನ್ನು ಒಡೆದದ್ದು ಮ್ಯಾನೇಜರ್ ಜೆಫ್ರಿಯ ಲೆಕ್ಕಾಚಾರ. ಅವನಿಗೆ ತನ್ನದೊಂದು ಸಿನಿಮಾಗೆ ಹಾಡು ಬೇಕಿತ್ತು. ‘ಡಾಲಿ ಡ್ಯಾಗರ್’, ‘ರೂಮ್ ಫುಲ್ ಆಫ್ ಮಿರರ್ಸ್’ ಅತ್ತ ಹೋದವು. ಆದ ಖಾಲಿ ಜಾಗಕ್ಕೆ 1968ರ ಹಳೆಯ ‘ಮೈ ಫ್ರೆಂಡ್’ ಬಂದು ಕೂತಿತು.

ಆ ಸಿನಿಮಾ ‘ರೇನ್‌ಬೋ ಬ್ರಿಡ್ಜ್’. ಹವಾಯಿಯ ಮಾವಿ ದ್ವೀಪದಲ್ಲಿ ತೆಗೆದದ್ದು, ತಲೆಬುಡವಿಲ್ಲದ್ದು. 1970ರ ಜುಲೈ 30ರಂದು ಹಲೆಯಾಕಲ ಅಗ್ನಿಪರ್ವತದ ಇಳಿಜಾರಿನಲ್ಲಿ ಹೆಂಡ್ರಿಕ್ಸ್ ಬಯಲಿನಲ್ಲೇ ನುಡಿಸಿದ, ಕೆಲವು ನೂರು ಪ್ರೇಕ್ಷಕರನ್ನು ರಾಶಿಗಳ ಪ್ರಕಾರ ವಿಂಗಡಿಸಿ ಕೂರಿಸಿದ್ದರು. ಗಾಳಿ ಎಷ್ಟು ಜೋರೆಂದರೆ ವಾದ್ಯದ ಪೆಟ್ಟಿಗೆಗಳ ಒಳಗಿನ ಸ್ಪಂಜನ್ನು ಕಿತ್ತು ಮೈಕುಗಳಿಗೆ ಸುತ್ತಬೇಕಾಯಿತು. ಡ್ರಮ್ಸಿನ ಮುದ್ರಣ ಕೆಟ್ಟುಹೋಯಿತು; ಮುಂದಿನ ವರ್ಷ ಮಿಚೆಲ್ ಎಲೆಕ್ಟ್ರಿಕ್ ಲೇಡಿಯಲ್ಲಿ ಕೂತು, ಸತ್ತ ಗೆಳೆಯನ ಗಿಟಾರನ್ನು ಹೆಡ್‌ಫೋನಿನಲ್ಲಿ ಕೇಳುತ್ತ, ಅಷ್ಟನ್ನೂ ಮತ್ತೆ ನುಡಿಸಿ ತುಂಬಿದ. ಇಷ್ಟಾದ ಮೇಲೆ 1971ರ ಅಕ್ಟೋಬರ್‌ನಲ್ಲಿ ಬಂದ ‘ರೇನ್‌ಬೋ ಬ್ರಿಡ್ಜ್’ ಆಲ್ಬಮ್ಮಿನ ಮೇಲೆ ‘ಚಿತ್ರದ ಮೂಲ ಧ್ವನಿಪಥ’ ಎಂಬ ಒಕ್ಕಣೆಯಿತ್ತು, ಒಳಗೆ ಮಾವಿಯ ಆ ಕಛೇರಿಯ ಒಂದು ಸ್ವರವೂ ಇರಲಿಲ್ಲ. ಮಾವಿಯಲ್ಲಿ ನುಡಿಸಿದ್ದು ಪೂರ್ತಿಯಾಗಿ, ಅಧಿಕೃತವಾಗಿ ಕೈಸೇರಿದ್ದು 2020ರಲ್ಲಿ.

1972ರಲ್ಲಿ ‘ವಾರ್ ಹೀರೋಸ್’, 1974ರಲ್ಲಿ ‘ಲೂಸ್ ಎಂಡ್ಸ್’. ಎರಡನೆಯದರ ಹೆಸರೇ ಎಲ್ಲ ಹೇಳುತ್ತದೆ. ಪಾತ್ರೆ ಕೆರೆದು ಬಡಿಸುವ ಹಂತ ಮುಟ್ಟಿತ್ತು. ನಡುವೆ, 1973ರ ಮಾರ್ಚ್‌ನಲ್ಲಿ, ಫ್ರಾನ್ಸಿನ ನಾಂಟ್ ಪಟ್ಟಣದ ಮೇಲೆ ಎರಡು ವಿಮಾನಗಳು ಡಿಕ್ಕಿ ಹೊಡೆದು ಜೆಫ್ರಿ ಸತ್ತ. ಹೆಂಡ್ರಿಕ್ಸ್‌ನ ವ್ಯವಹಾರದ ಗುಟ್ಟುಗಳಲ್ಲಿ ಎಷ್ಟೋ ಅವನೊಟ್ಟಿಗೇ ಹೋದವು. ಕಾನೂನಿನಂತೆ ವಾರಸುದಾರ ತಂದೆ ಅಲ್ ಹೆಂಡ್ರಿಕ್ಸ್, ಸಿಯಾಟಲ್‌ನಲ್ಲಿ ತೋಟಗಾರಿಕೆ ಮಾಡಿ ಬದುಕುತ್ತಿದ್ದವನು. ರೆಕಾರ್ಡ್ ಕಂಪನಿಗಳ ಕರಾರು ಓದಿ ಅರ್ಥಮಾಡಿಕೊಳ್ಳುವ ಜಾಯಮಾನ ಅವನದಲ್ಲ. ಲಿಯೋ ಬ್ರಾಂಟನ್ ಎಂಬ ಹೆಸರಾಂತ ವಕೀಲನ ಕೈಗೆ ಎಲ್ಲ ಒಪ್ಪಿಸಿದ. ಬ್ರಾಂಟನ್ ಟೇಪುಗಳ ಉಸ್ತುವಾರಿಯನ್ನು ಅಲನ್ ಡಗ್ಲಸ್‌ಗೆ ವಹಿಸಿದ.

ಡಗ್ಲಸ್‌ನನ್ನು ಖಳನಾಯಕ ಮಾಡಿ ಕೈತೊಳೆದುಕೊಳ್ಳುವುದು ಸುಲಭ, ಹೆಂಡ್ರಿಕ್ಸ್ ಭಕ್ತರು ಹಾಗೇ ಮಾಡುತ್ತ ಬಂದಿದ್ದಾರೆ. ಆದರೆ ಅವನು ಕಿವಿ ಇಲ್ಲದವನಲ್ಲ. ಡ್ಯೂಕ್ ಎಲಿಂಗ್ಟನ್, ಚಾರ್ಲ್ಸ್ ಮಿಂಗಸ್, ಮ್ಯಾಕ್ಸ್ ರೋಚ್ ಮೂವರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ‘ಮನಿ ಜಂಗಲ್’ ಮಾಡಿಸಿದ ನಿರ್ಮಾಪಕ. 1969ರಲ್ಲಿ ಹೆಂಡ್ರಿಕ್ಸ್ ಜೊತೆ ಒಡನಾಡಿದವನೂ ಹೌದು. ನೂರಾರು ಗಂಟೆಗಳ ಟೇಪನ್ನು ಕೂತು ಕೇಳಿದ. ಒಳ್ಳೆಯ ಗಿಟಾರ್ ಇದೆ, ಆದರೆ ಜೊತೆಯವರು ತಡವರಿಸುತ್ತಾರೆ, ಲಯ ಸಡಿಲ, ಹಾಡು ಅರ್ಧಕ್ಕೆ ನಿಲ್ಲುತ್ತದೆ ಎಂಬುದು ಅವನಿಗೆ ಕಂಡ ತೊಡಕು. ಅದಕ್ಕೆ ಅವನು ಹುಡುಕಿದ ಪರಿಹಾರವನ್ನು ಬಹುಟ್ರ್ಯಾಕ್ ಟೇಪಿನ ಗುಣವೇ ಸಾಧ್ಯವಾಗಿಸಿತು. ಪ್ರತಿ ವಾದ್ಯವೂ ಬೇರೆ ಗೆರೆಯ ಮೇಲಿರುವುದರಿಂದ ಒಂದು ಗುಂಡಿ ಕೆಳಗಿಳಿಸಿದರೆ ಡ್ರಮ್ಸ್ ಮಾಯ. ಇನ್ನೊಂದು ಇಳಿಸಿದರೆ ಬೇಸ್ ಮಾಯ. ಆ ಜಾಗಕ್ಕೆ ಸ್ಟುಡಿಯೋದ ಬಾಡಿಗೆ ವಾದಕರನ್ನು ಕರೆಸಿ ಹೊಸದಾಗಿ ನುಡಿಸಿಸಿದ. ಅವರಲ್ಲಿ ಯಾರೂ ಹೆಂಡ್ರಿಕ್ಸ್ ಜೊತೆ ನುಡಿಸಿದವರಲ್ಲ. ಹೆಂಡ್ರಿಕ್ಸ್ ನುಡಿಸಿದ ಲಯದ ಗಿಟಾರನ್ನೂ ಕೆಲವೆಡೆ ಬದಲಾಯಿಸಿದ್ದುಂಟು.

ಹೀಗೆ ಹುಟ್ಟಿದ್ದು 1975ರ ‘ಕ್ರ್ಯಾಶ್ ಲ್ಯಾಂಡಿಂಗ್’. ಅದರ ‘ಕ್ಯಾಪ್ಟನ್ ಕೋಕೋನಟ್’ ಎಂಬ ವಾದ್ಯಗೀತೆಯಂತೂ ಒಂದಕ್ಕೊಂದು ಸಂಬಂಧವಿಲ್ಲದ ಟೇಪಿನ ತುಂಡುಗಳನ್ನು ಅಂಟಿಸಿ ಮಾಡಿದ್ದು. ಕೆಲವು ಹಾಡುಗಳಿಗೆ ಡಗ್ಲಸ್ ಸಹರಚನಕಾರನೆಂದು ತನ್ನ ಹೆಸರನ್ನೂ ಸೇರಿಸಿಕೊಂಡ. ಜನ ಮುಗಿಬಿದ್ದು ಕೊಂಡರು. ಅಮೆರಿಕದಲ್ಲಿ ಐದನೆಯ ಸ್ಥಾನ. ಅದೇ ವರ್ಷ ಅದೇ ಪಾಕದ ‘ಮಿಡ್‌ನೈಟ್ ಲೈಟ್ನಿಂಗ್’ ಬಂದಾಗ ಕೊಳ್ಳುವವರ ಉತ್ಸಾಹ ಇಳಿದಿತ್ತು.

ಹಳಗನ್ನಡ ಓದಿದವರಿಗೆ ಈ ಸಂಕಟ ಹೊಸದಲ್ಲ. ಓಲೆಗರಿಯ ಪ್ರತಿಕಾರ ಒಳ್ಳೆಯ ಮನಸ್ಸಿನಿಂದಲೇ ತನ್ನದೆರಡು ಪದ್ಯ ಸೇರಿಸುತ್ತಾನೆ. ನೂರಾರು ವರ್ಷದ ಮೇಲೆ ಸಂಪಾದಕ ಕೂತು ಇದು ಕವಿಯದು, ಇದು ಪ್ರಕ್ಷಿಪ್ತ ಎಂದು ಬಿಡಿಸಬೇಕಾಗುತ್ತದೆ. ಹೆಂಡ್ರಿಕ್ಸ್ ವಿಷಯದಲ್ಲಿ ಪೆಟ್ಟು ಇನ್ನೂ ಆಳದ್ದು. ಅವನ ಗಿಟಾರ್ ಡ್ರಮ್ಸಿನ ಜೊತೆ ಮಾತಾಡುವ ಗಿಟಾರ್. ಮಿಚೆಲ್ ಜಾಝ್ ಕಡೆಯಿಂದ ಬಂದವನು, ಹೊಡೆತಗಳ ಮಳೆ ಸುರಿಸುತ್ತಾನೆ, ಹೆಂಡ್ರಿಕ್ಸ್ ಅದರ ಮೇಲೆ ತೇಲುತ್ತಾನೆ. ‘ಬ್ಯಾಂಡ್ ಆಫ್ ಜಿಪ್ಸಿಸ್’ನಲ್ಲಿ ಡ್ರಮ್ಸ್ ನುಡಿಸಿದ ಬಡ್ಡಿ ಮೈಲ್ಸ್ ನೆಲ ಗುದ್ದುವವನು, ಅಲ್ಲಿ ಹೆಂಡ್ರಿಕ್ಸ್ ಬೇರೆಯೇ ಥರ ನುಡಿಸುತ್ತಾನೆ. ಡ್ರಮ್ಸ್ ಅಳಿಸಿ ಬೇರೆಯವರದನ್ನು ಕೂರಿಸಿದರೆ ಗಿಟಾರ್ ಅಲ್ಲಿಲ್ಲದ ಯಾರಿಗೋ ಉತ್ತರ ಕೊಡುತ್ತಿರುವಂತೆ ಕೇಳುತ್ತದೆ. ‘ಕ್ರ್ಯಾಶ್ ಲ್ಯಾಂಡಿಂಗ್’ ಕೇಳುವಾಗ ಆಗುವ ಕಸಿವಿಸಿಗೆ ಕಾರಣ ಇದು. ವಾದಕರು ಕೆಟ್ಟವರಲ್ಲ, ನುಡಿಸುವಿಕೆ ಅಚ್ಚುಕಟ್ಟಾಗಿಯೇ ಇದೆ. ಆದರೆ ಸಂಭಾಷಣೆ ಸುಳ್ಳು.

ಬಿಡಿಸುವ ಕೆಲಸ ಶುರುವಾದದ್ದು ಧ್ವನಿಮುದ್ರಣದ ಕೋಣೆಯಲ್ಲಲ್ಲ, ಕಾಗದಪತ್ರಗಳಲ್ಲಿ. ಜಾನ್ ಮೆಕ್‌ಡರ್ಮಟ್ ಎಂಬ ಬರಹಗಾರ ಕ್ರೇಮರ್ ಜೊತೆ ಸೇರಿ 1992ರಲ್ಲಿ ಹೆಂಡ್ರಿಕ್ಸ್‌ನ ಬದುಕಿನ ಮೇಲೆ ಒಂದು ಪುಸ್ತಕ ತಂದ. ಆಮೇಲೆ ಬಿಲ್ಲಿ ಕಾಕ್ಸ್‌ನನ್ನೂ ಸೇರಿಸಿಕೊಂಡು, ಯಾವ ದಿನ ಯಾವ ಸ್ಟುಡಿಯೋ, ಯಾರು ಯಾರು ಇದ್ದರು, ಯಾವ ಹಾಡಿನ ಯಾವ ಟೇಕ್ ಎಂದು ದಿನದಿನದ ಸೆಷನ್‌ಗಳ ದಾಖಲೆಯನ್ನೇ ಪುಸ್ತಕ ಮಾಡಿದರು. ಟೇಪಿನ ಪೆಟ್ಟಿಗೆಯ ಬೆನ್ನಿನ ಮೇಲೆ ಎಂಜಿನಿಯರ್ ಗೀಚಿದ ಟಿಪ್ಪಣಿ, ಹೆಂಡ್ರಿಕ್ಸ್‌ನ ಕೈಬರಹದ ಪಟ್ಟಿ, ಅಲ್ಲಿದ್ದವರ ನೆನಪು ಮೂರನ್ನೂ ಎದುರುಬದುರು ಇಟ್ಟು ನೋಡುವ ಕೆಲಸ. ಮಂದಿ ರೋಮಾಂಚನಗೊಳ್ಳುವಂಥದ್ದಲ್ಲ. ಆದರೆ ಈ ಇಡೀ ಕತೆಯಲ್ಲಿ ಆವಿಷ್ಕಾರ ಎನ್ನಬಹುದಾದ್ದು ಯಾವುದಾದರೂ ಇದ್ದರೆ ಇದೇ ಎಂದು ನನ್ನ ಎಣಿಕೆ.

ದಾಖಲೆ ಗೊತ್ತಾದರೆ ಸಾಲದು, ಟೇಪು ಕೈಯಲ್ಲಿರಬೇಕಲ್ಲ. ತೊಂಬತ್ತರ ದಶಕದ ಆರಂಭದಲ್ಲಿ ಮಗನ ಸಂಗೀತದ ಹಕ್ಕುಗಳನ್ನು ಮಾರುವ ಮಾತುಕತೆ ನಡೆದಿದೆ ಎಂದು ಅಲ್ ಹೆಂಡ್ರಿಕ್ಸ್‌ಗೆ ತಿಳಿಯಿತು. 1993ರಲ್ಲಿ ಬ್ರಾಂಟನ್ ಮತ್ತು ಡಗ್ಲಸ್ ಮೇಲೆ ಸಿಯಾಟಲ್‌ನಲ್ಲಿ ದಾವೆ ಹೂಡಿದ. ಅಷ್ಟು ದೊಡ್ಡ ವ್ಯಾಜ್ಯಕ್ಕೆ ಅವನ ಹತ್ತಿರ ದುಡ್ಡೆಲ್ಲಿಂದ ಬರಬೇಕು? ನೆರವಿಗೆ ಬಂದವನು ಅದೇ ಊರಿನ ಪಾಲ್ ಅಲೆನ್, ಮೈಕ್ರೋಸಾಫ್ಟ್‌ನ ಸಹಸ್ಥಾಪಕ, ಸ್ವತಃ ಗಿಟಾರ್ ಹುಚ್ಚಿನವನು. 1995ರಲ್ಲಿ ರಾಜಿಯಾಗಿ ಹಕ್ಕುಗಳು ತಂದೆಯ ಕೈಗೆ ಮರಳಿದವು. ಕುಟುಂಬ ‘ಎಕ್ಸ್‌ಪೀರಿಯೆನ್ಸ್ ಹೆಂಡ್ರಿಕ್ಸ್’ ಎಂಬ ಸಂಸ್ಥೆ ಕಟ್ಟಿತು. ಅಲ್ ದತ್ತು ತೆಗೆದುಕೊಂಡಿದ್ದ ಮಗಳು ಜೇನಿ ಅದರ ಚುಕ್ಕಾಣಿ ಹಿಡಿದಳು. ಕ್ರೇಮರ್ ಮತ್ತು ಮೆಕ್‌ಡರ್ಮಟ್ ಟೇಪುಗಳ ಹೊಣೆ ಹೊತ್ತರು. ಮುಂದೆ ಜಿಮಿಯ ತಮ್ಮ ಲಿಯೋನ್‌ಗೆ ಆಸ್ತಿಯಲ್ಲಿ ಪಾಲು ಸಿಗದೆ ಮನೆಯೊಳಗೇ ಇನ್ನೊಂದು ಮೊಕದ್ದಮೆ ನಡೆದು, 2004ರಲ್ಲಿ ಅವನು ಸೋತ. ಅದು ಬೇರೆಯೇ ರಾಮಾಯಣ.

1997ರ ಏಪ್ರಿಲ್‌ನಲ್ಲಿ ‘ಫಸ್ಟ್ ರೇಸ್ ಆಫ್ ದ ನ್ಯೂ ರೈಸಿಂಗ್ ಸನ್’ ಕೊನೆಗೂ ಆ ಹೆಸರಿನಲ್ಲೇ ಹೊರಬಂತು. 17 ಹಾಡು. ಇದರಲ್ಲಿ ಹೊಸದಾಗಿ ಸಿಕ್ಕಿದ ಹಾಡು ಒಂದೂ ಇಲ್ಲ! ಎಲ್ಲವೂ 1971–72ರಲ್ಲೇ ‘ಕ್ರೈ ಆಫ್ ಲವ್’, ‘ರೇನ್‌ಬೋ ಬ್ರಿಡ್ಜ್’, ‘ವಾರ್ ಹೀರೋಸ್’ಗಳಲ್ಲಿ ಚದುರಿ ಬಂದಿದ್ದವು. ಜೆಫ್ರಿ ಒಡೆದದ್ದನ್ನು ಕ್ರೇಮರ್ ಇಪ್ಪತ್ತಾರು ವರ್ಷದ ಮೇಲೆ ಕೂಡಿಸಿದ, ಅಷ್ಟೇ. ಹಾಗಿದ್ದೂ ಮೊದಲಿಂದ ಕೊನೆಯವರೆಗೆ ಕೇಳಿದರೆ ಎದುರಿಗೆ ಬರುವುದು ಬೇರೆಯೇ ಹೆಂಡ್ರಿಕ್ಸ್. ಗಿಟಾರಿಗೆ ಬೆಂಕಿಯಿಟ್ಟ ಹುಡುಗನಲ್ಲ. ಫಂಕ್ ಮತ್ತು ಸೋಲ್ ಕಡೆ ವಾಲುತ್ತಿರುವ, ಒಂದರ ಮೇಲೊಂದು ಗಿಟಾರನ್ನು ನೇಯುವ, ಹಾಡುಗಾರಿಕೆಯಲ್ಲಿ ನಿಧಾನ ಕಲಿತ 27ರ ಸಂಗೀತಗಾರ. ಇದೇ ಅವನ ನಾಲ್ಕನೆಯ ಆಲ್ಬಮ್ ಎಂದು ಖಚಿತವಾಗಿ ಹೇಳಲಾಗದು. ಅವನು ಬದುಕಿದ್ದರೆ ಪಟ್ಟಿಯನ್ನು ಇನ್ನೂ ಎಷ್ಟು ಸಲ ತಿದ್ದುತ್ತಿದ್ದನೋ!

ಪ್ರಕ್ಷಿಪ್ತ ತೆಗೆಯುವುದೆಂದರೇನು ಎಂದು ಕಿವಿಯಾರೆ ತಿಳಿಯಬೇಕೆಂದರೆ 2013ರ ‘ಪೀಪಲ್, ಹೆಲ್ ಆ್ಯಂಡ್ ಏಂಜಲ್ಸ್’ ಹಾಕಿಕೊಳ್ಳಬೇಕು. ಅದರಲ್ಲಿ ‘ಕ್ರ್ಯಾಶ್ ಲ್ಯಾಂಡಿಂಗ್’ ಹಾಡು 1969ರ ಏಪ್ರಿಲ್‌ನಲ್ಲಿ ಮುದ್ರಣವಾದ ಹಾಗೇ ಇದೆ: ಬೇಸ್‌ನಲ್ಲಿ ಬಿಲ್ಲಿ ಕಾಕ್ಸ್, ಡ್ರಮ್ಸಿನಲ್ಲಿ ರಾಕಿ ಐಸಾಕ್. 1975ರದರ ಪಕ್ಕದಲ್ಲಿಟ್ಟು ಕೇಳಿದರೆ ಒರಟಾಗಿದೆ, ಅಂಚುಗಳು ಮಾಸಿವೆ. ಆದರೆ ಕೋಣೆಯಲ್ಲಿ ಮೂವರು ಒಬ್ಬರ ಮುಖ ಒಬ್ಬರು ನೋಡುತ್ತ ಹಾಡಿನ ದಾರಿ ಹುಡುಕುತ್ತಿರುವುದು ಕೇಳಿಸುತ್ತದೆ. 1975ರಲ್ಲಿ ‘ಸಮ್‌ವೇರ್ ಓವರ್ ದ ರೇನ್‌ಬೋ’ ಎಂಬ, ಜೂಡಿ ಗಾರ್ಲ್ಯಾಂಡಳ ಹಾಡನ್ನು ನೆನಪಿಸಿ ದಾರಿತಪ್ಪಿಸುವ ಹೆಸರಿನಲ್ಲಿ ಬಂದಿದ್ದ ಹಾಡು ಇಲ್ಲಿ ಬರೀ ‘ಸಮ್‌ವೇರ್’ ಆಗಿದೆ. 1968ರ ಮಾರ್ಚಿನ ಟೇಕ್. ಡ್ರಮ್ಸ್ ಬಡ್ಡಿ ಮೈಲ್ಸ್‌ನದು, ಬೇಸ್ ನುಡಿಸಿದವನು ಸ್ಟೀಫನ್ ಸ್ಟಿಲ್ಸ್. ಹೆಂಡ್ರಿಕ್ಸ್ ಸತ್ತು ನಲವತ್ತೆರಡು ವರ್ಷ ದಾಟಿದ ಮೇಲೆ ಈ ಆಲ್ಬಮ್ ಅಮೆರಿಕದ ಪಟ್ಟಿಯಲ್ಲಿ ಎರಡನೆಯ ಸ್ಥಾನದಲ್ಲಿ ಕಾಲಿಟ್ಟಿತು. ಅದಕ್ಕೆ ಮುಂಚೆ 2010ರಲ್ಲಿ ‘ವ್ಯಾಲೀಸ್ ಆಫ್ ನೆಪ್ಚೂನ್’ ನಾಲ್ಕನೆಯ ಸ್ಥಾನ ಪಡೆದಿತ್ತು.

ಕುಟುಂಬದ ಸಂಸ್ಥೆ ಮಡಿವಂತಿಕೆಯನ್ನು ಪೂರ್ತಿ ಪಾಲಿಸಿದೆ ಎಂದೇನೂ ಅಲ್ಲ. ‘ವ್ಯಾಲೀಸ್ ಆಫ್ ನೆಪ್ಚೂನ್’ನಲ್ಲಿರುವ ‘ಮಿಸ್ಟರ್ ಬ್ಯಾಡ್ ಲಕ್’ 1967ರದು. ಆದರೆ ಅದರ ಬೇಸ್ ಮತ್ತು ಡ್ರಮ್ಸನ್ನು ಚಾಂಡ್ಲರ್ 1987ರಲ್ಲಿ ರೆಡ್ಡಿಂಗ್ ಮತ್ತು ಮಿಚೆಲ್ ಕೈಯಲ್ಲಿ ಹೊಸದಾಗಿ ನುಡಿಸಿಸಿದ್ದ. ಅದೇ ಜನ, ಇಪ್ಪತ್ತು ವರ್ಷ ದೊಡ್ಡವರಾಗಿ, ಇಪ್ಪತ್ತನಾಲ್ಕರ ಹೆಂಡ್ರಿಕ್ಸ್ ಜೊತೆ. ಇದು ಡಗ್ಲಸ್ ಮಾಡಿದ್ದಕ್ಕಿಂತ ಬೇರೆಯೋ ಅಲ್ಲವೋ ಎಂದು ವಾದಿಸುವವರಿದ್ದಾರೆ. ಬೇರೆ ಎಂದೇ ನನ್ನ ಮತ, ಆದರೆ ಅಂತರ ನಾವು ಬಯಸುವಷ್ಟು ದೊಡ್ಡದಲ್ಲ. ಡಗ್ಲಸ್ ಪರವಾಗಿಯೂ ಒಂದು ಮಾತು ಹೇಳಬೇಕು. ಅಧಿಕಾರ ಕಳೆದುಕೊಳ್ಳುವ ಮುನ್ನ, 1994ರಲ್ಲಿ, ಅವನು ಆಯ್ದು ಕೊಟ್ಟ ‘ಬ್ಲೂಸ್’ ಸಂಕಲನ ಇವತ್ತಿಗೂ ಹೆಂಡ್ರಿಕ್ಸ್‌ನ ಬೇರುಗಳನ್ನು ತೋರಿಸುವ ಒಳ್ಳೆಯ ರೆಕಾರ್ಡು. ಆಯುವವನಾಗಿ ಅವನು ಗೆದ್ದ, ತುಂಬುವವನಾಗಿ ಸೋತ. ಅಷ್ಟಾದರೂ ಚಪಲ ಹೋಗಲಿಲ್ಲ: 1995ರ ‘ವೂಡೂ ಸೂಪ್’ನಲ್ಲಿ ಮತ್ತೆ ಹೊಸ ಡ್ರಮ್ಸ್.

ನಿಜಕ್ಕೂ ಕಳೆದುಹೋಗಿ ಸಿಕ್ಕಿದ ಟೇಪೂ ಒಂದುಂಟು. 1970ರ ಸುಮಾರಿಗೆ ಹೆಂಡ್ರಿಕ್ಸ್ ಗ್ರೀನಿಚ್ ವಿಲೇಜಿನ ತನ್ನ ಮನೆಯಲ್ಲಿ ಅಕೂಸ್ಟಿಕ್ ಗಿಟಾರ್ ಹಿಡಿದು ಒಬ್ಬನೇ ಹಾಡುಗಳ ಒಂದು ಮಾಲೆಯನ್ನೇ ಕ್ಯಾಸೆಟ್‌ಗಳಿಗೆ ಇಳಿಸಿದ್ದ. ಅದಕ್ಕೆ ‘ಬ್ಲ್ಯಾಕ್ ಗೋಲ್ಡ್’ ಎಂದು ಹೆಸರು. ಡ್ರಮ್ಸ್ ಹೇಗಿರಬೇಕೆಂದು ಯೋಚಿಸಲಿ ಎಂದು ಅವನ್ನು ಮಿಚೆಲ್ ಕೈಗೆ ಕೊಟ್ಟ. ಸಾವಿನ ನಂತರ ಅವು ಮನೆಯಿಂದ ಕಳವಾಗಿವೆ ಎಂದೇ ಎಲ್ಲರೂ ನಂಬಿದ್ದರು. ಮಿಚೆಲ್‌ಗೂ ಅವುಗಳ ಮಹತ್ವದ ಕಲ್ಪನೆ ಇರಲಿಲ್ಲ, ಎತ್ತಿಟ್ಟು ಮರೆತಿದ್ದ. 1992ರಲ್ಲಿ ಹೆಂಡ್ರಿಕ್ಸ್ ಸಂಗ್ರಾಹಕ ಟೋನಿ ಬ್ರೌನ್ ಜೊತೆ ಮಾತಿಗೆ ಮಾತು ಬಂದಾಗ ವಿಷಯ ಹೊರಬಿತ್ತು. ಆರು ಕ್ಯಾಸೆಟ್‌ಗಳು, ಹೆಂಡ್ರಿಕ್ಸ್ ತಲೆಗೆ ಕಟ್ಟಿಕೊಳ್ಳುತ್ತಿದ್ದ ಪಟ್ಟಿಯಿಂದಲೇ ಬಿಗಿದು ಕಟ್ಟಿದ್ದು. 16 ಹಾಡು, ಅವುಗಳಲ್ಲಿ 9 ಬೇರೆಲ್ಲೂ ಇಲ್ಲದವು. ‘ಮಷೀನ್ ಗನ್’, ‘ಡ್ರಿಫ್ಟಿಂಗ್’ ಹಾಡುಗಳ ಮನೆಮಟ್ಟಿನ ರೂಪವೂ ಅಲ್ಲಿದೆ. ಡ್ರಮ್ಸಿಲ್ಲ, ಬೇಸಿಲ್ಲ, ಇಳಿಸಲು ಗುಂಡಿಯೂ ಇಲ್ಲ. ಪ್ರಕ್ಷಿಪ್ತಕ್ಕೆ ಆಸ್ಪದವೇ ಇಲ್ಲದ ಪಾಠ.

ಮಿಚೆಲ್ 2008ರ ನವೆಂಬರ್‌ನಲ್ಲಿ ತೀರಿಕೊಂಡ. 2010ರ ‘ವೆಸ್ಟ್ ಕೋಸ್ಟ್ ಸಿಯಾಟಲ್ ಬಾಯ್’ ಸಂಪುಟದಲ್ಲಿ ಆ ಮಾಲೆಯ ‘ಸಡನ್ಲಿ ನವೆಂಬರ್ ಮಾರ್ನಿಂಗ್’ ಎಂಬ ಒಂದೇ ಒಂದು ಹಾಡು ಬಂತು. ತುಣುಕುಗಳನ್ನು ಸೇರಿಸಿ ಸೇರಿಸಿ ಇಷ್ಟೊಂದು ಆಲ್ಬಮ್ ಮಾಡಿದವರು, ಸೇರಿಸಬೇಕಾದ್ದೇ ಇಲ್ಲದ ಈ ಮಾಲೆಯನ್ನು ಇಡಿಯಾಗಿ ಇನ್ನೂ ಕೊಟ್ಟಿಲ್ಲ.

ಹೊಸದಾಗಿ ಕೇಳಲು ಹೊರಟವರಿಗೆ ಒಂದು ಮಾತು. ಬದುಕಿದ್ದಾಗಿನ ಮೂರು ಆಲ್ಬಮ್ ಮೊದಲು. ಆಮೇಲೆ 1997ರ ‘ಫಸ್ಟ್ ರೇಸ್’, ಅದಾದ ಮೇಲೆ ‘ಬ್ಲೂಸ್’. ‘ಕ್ರ್ಯಾಶ್ ಲ್ಯಾಂಡಿಂಗ್’ ಆಲ್ಬಮ್ಮನ್ನು 2013ರದು ಕೇಳಿದ ನಂತರವೇ ಹಾಕಿ, ಮತ್ತು ಡ್ರಮ್ಸಿನ ಮೇಲೆ ಕಿವಿಯಿಡಿ.